ಇನ್ನೂ ಹಳೆಯದಾಗದ ಕಡತಗಳು

ನೂರ ಹನ್ನೆರಡನೆಯ ಕಡತವನ್ನು ಕಂಪ್ಯೂಟರಿನಿಂದ ಅಳಿಸಿ, ಪಟ್ಟಿಯಲ್ಲಿ ಅದರ ಮುಂದೆ ಪೆನ್ಸಿಲಿನಿಂದ ಗೀಟು ಎಳೆದು, ರಾಂಫಾ ಕನ್ನಡಕ ಒರೆಸಿಕೊಂಡಳು. ಇನ್ನೂ ಇನ್ನೂರ ಎಂಬತ್ತು ಉಳಿದಿದ್ದವು. ನಾಲ್ಕು ವರ್ಷದಿಂದ ಪ್ರತಿ ಮಂಗಳವಾರ ಬೆಳಗ್ಗೆ ಇದೇ ಕೆಲಸ.

ಮೇಕ್ಲೋಂಗ್ ಪಟ್ಟಣದ ಆ ಮೀನಿನ ರಸದ ಕಾರ್ಖಾನೆಯಲ್ಲಿ ಒಂದು ಪೀಪಾಯಿ ತೆರೆದರೂ, ಒಂದು ಪೆಟ್ಟಿಗೆ ಲಾರಿ ಹತ್ತಿದರೂ ರಾಂಫಾ ನೋಡಿಕೊಳ್ಳುತ್ತಿದ್ದ ಸರ್ವರ್ ಅದನ್ನು ಲಾಗ್ ಕಡತದಲ್ಲಿ ಬರೆದಿಡುತ್ತಿತ್ತು. ಡೇಟಾಬೇಸಿನ ಬ್ಯಾಕಪ್ ದಿನವೂ ಆಗುತ್ತಿತ್ತು. ಬ್ಯಾಕಪ್ ಆಗಿ ಏಳು ದಿನ ಕಳೆದ ಮೇಲೆ ಹಳೆಯ ಲಾಗ್‌ಗಳಿಂದ ಯಾರಿಗೂ ಉಪಯೋಗವಿಲ್ಲ. ಆದರೆ ಅಳಿಸದೆ ಬಿಟ್ಟರೆ ಡಿಸ್ಕ್ ತುಂಬಿ ಡೇಟಾಬೇಸು ಮುಷ್ಕರ ಹೂಡುತ್ತಿತ್ತು. ಆಮೇಲೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಲಾರಿ ಗೇಟು ದಾಟುವಂತಿಲ್ಲ.

ಹಾಗೆ ನೋಡಿದರೆ ಇದನ್ನು ತಾನೇ ಗುಡಿಸಲೆಂದು ಬ್ಯಾಂಕಾಕಿನ ಸಾಫ್ಟ್‌ವೇರ್ ಕಂಪನಿಯವರು ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದರು. ಅದು ದಿನವೂ ತಪ್ಪದೆ ಎದ್ದು, ಸುತ್ತ ಕಣ್ಣಾಡಿಸಿ, ‘ಏಳು ದಿನಕ್ಕಿಂತ ಹಳೆಯ ಕಡತ: ಸೊನ್ನೆ’ ಎಂದು ವರದಿ ಕೊಟ್ಟು ಮಲಗಿಬಿಡುತ್ತಿತ್ತು. ಕರೆಸಿ ಕೇಳೋಣವೆಂದರೆ ಆ ಕಂಪನಿಯೇ ಮುಚ್ಚಿಹೋಗಿತ್ತು.

ರಾಂಫಾಳ ಮೇಜಿನ ಖಾನೆಯಲ್ಲಿ ನಾಲ್ಕು ವರ್ಷ ಹಳೆಯ ಲಕೋಟೆಯೊಂದಿತ್ತು. ಒಳಗೆ ಅವಳ ರಾಜೀನಾಮೆ. ತಾರೀಖಿನ ಜಾಗ ಮಾತ್ರ ಖಾಲಿ. ಅದನ್ನು ಬರೆದ ದಿನ ಯಜಮಾನ ಕ್ವಾಂಗ್ ಅಣ್ಣ ಬ್ಯಾಂಕಾಕಿನ ಕಚೇರಿಯಿಂದ ಫೋನಿನಲ್ಲೇ ಕೈಮುಗಿದಿದ್ದ: “ಆ ಯಂತ್ರ ತನ್ನ ಕಸ ತಾನೇ ಗುಡಿಸ್ಕೊಳ್ಳೋ ದಿನ ನೀನು ಹೊರಡು ರಾಂಫಾ, ನಾನೇ ಬಸ್ಸು ಹತ್ತಿಸ್ತೀನಿ. ಅಲ್ಲೀತನಕ ನನ್ನ ಕೈ ಬಿಡಬೇಡ.” ಯಂತ್ರ ಗುಡಿಸಲಿಲ್ಲ, ರಾಂಫಾ ಹೊರಡಲಿಲ್ಲ.

ಅಷ್ಟರಲ್ಲಿ ಫೋನು ಅರಚಿತು. ಚಿಯಾಂಗ್ ಖಾನಿನಲ್ಲಿ ನದಿಯ ದಡದಲ್ಲಿ ನೂಡಲ್ಸ್ ಅಂಗಡಿ ಇಟ್ಟಿರುವ ಅಕ್ಕ ಬುವಾಲಾ.

“ನಿನ್ನ ಪಾಲಿನ ಸ್ಟೂಲಿನ ಮೇಲೆ ಬೆಕ್ಕು ಮಲಗಿದೆ ಕಣೇ.”

“ಮಲಗಲಿ ಬಿಡು ಅಕ್ಕ.”

“ಬೆಕ್ಕು ಮಲಗಿದ್ರೆ ಪರವಾಗಿಲ್ಲ. ಪಕ್ಕದ್ಮನೆ ಸಂಗಿಯಮ್ ಕೂರ್ತೀನಿ ಅಂತಿದಾಳೆ. ನಿನಗಂತ ಇಟ್ಟ ಅರ್ಧ ಅಂಗಡಿ ಅವಳಿಗೆ ಕೊಡಲಾ ಅಂತ ಕೇಳ್ತಿದೀನಿ. ನನ್ನ ಮಂಡಿ ಇನ್ನು ಒಲೆ ಮುಂದೆ ನಿಲ್ಲಲ್ಲ. ಸೊಂಗ್‌ಕ್ರಾನ್ ಹಬ್ಬದೊಳಗೆ ನೀನು ರಾಜೀನಾಮೆ ಕೊಟ್ರೆ ಸರಿ, ಇಲ್ದಿದ್ರೆ ಹಬ್ಬದ ಮಾರನೇ ದಿನ ಅವಳು ಸೌಟು ಹಿಡೀತಾಳೆ.”

“ಹನ್ನೊಂದೇ ದಿನ ಇದೆಯಲ್ಲೇ!”

“ನಾಲ್ಕು ವರ್ಷ ಇತ್ತು,” ಎಂದು ಬುವಾಲಾ ಫೋನಿಟ್ಟಳು.

ರಾಂಫಾ ನೂರ ಹದಿಮೂರನೆಯ ಕಡತದ ಮುಂದೆ ಸುಮ್ಮನೆ ಕೂತಳು. ಸಂಗಿಯಮ್ ಸಾರಿಗೆ ಸಕ್ಕರೆ ಸುರಿಯುವವಳು. ಅವಳ ಕೈಗೆ ಅಂಗಡಿ ಹೋದರೆ ತನಗೆ ಈ ಜನ್ಮದಲ್ಲಿ ಉಳಿಯುವುದು ಈ ಮಂಗಳವಾರಗಳೇ.

ಬಾಗಿಲು ತಳ್ಳಿಕೊಂಡು ಚುಯ್ ಮಾವ ಬಂದ. ಎಪ್ಪತ್ತೊಂದರ ಪ್ರಾಯದ ಅವನು ಪೀಪಾಯಿ ಅಂಗಳದ ಮೇಸ್ತ್ರಿ. ಸರ್ವರಿನ ಮುಂದೆ ವಾರಕ್ಕೊಂದು ಬಾಟಲಿ ಕೆಂಪು ಸೋಡ ಇಡುವುದೂ ಅವನದೇ ಕೆಲಸ. ಅಂಗಳದ ಕ್ಷೇತ್ರಪಾಲನಿಗೆ ಇಡುವುದಾದರೆ ಇದಕ್ಕೇಕೆ ಬೇಡ ಎಂದು ಕ್ವಾಂಗ್ ಅಣ್ಣನೇ ಶುರು ಮಾಡಿಸಿದ್ದ. ದೇವರು ಕುಡಿದನೋ ಇಲ್ಲವೋ, ಇರುವೆಗಳಂತೂ ತೃಪ್ತವಾಗಿದ್ದವು.

“ಹೋದ ವಾರದ್ದು ಹಾಗೇ ಇದೆಯಲ್ಲಮ್ಮ,” ಎಂದು ಚುಯ್ ಮಾವ ಬಾಟಲಿ ಬದಲಿಸಿ ಸ್ಟ್ರಾ ಸಿಕ್ಕಿಸಿದ. “ನಿನ್ನ ದೇವ್ರಿಗೆ ಬಾಯಿ ರುಚಿ ಕೆಟ್ಟಿರ್ಬೇಕು.”

“ಅದಕ್ಕೆ ಕಣ್ಣೇ ಕೆಟ್ಟಿದೆ ಮಾವ. ನೋಡಿ ಇಲ್ಲಿ, ಇಷ್ಟು ಕಸ ಎದುರಿಗೆ ಬಿದ್ದಿದ್ರೂ ಸೊನ್ನೆ ಅನ್ನತ್ತೆ.”

ಚುಯ್ ಮಾವ ಬಗ್ಗಿ ಪರದೆ ನೋಡಿದ. ರಾಂಫಾ ಯಾವತ್ತೂ ವರದಿಯ ಕೊನೆಯ ಸಾಲನ್ನಷ್ಟೇ ಓದುತ್ತಿದ್ದಳು. ಅವನು ಪೀಪಾಯಿಯ ಚೀಟಿ ಓದುವಂತೆ ಮೇಲಿನಿಂದ ಬೆರಳಿಟ್ಟು ಓದಿದ.

“ಇಲ್ಲಿ ಇವತ್ತಿನ ತಾರೀಖು ಅಂತ 2024 ಬರೆದಿದೆ.”

“ಯಂತ್ರದ ಒಳಗೆ ಹೊರದೇಶದ ವರ್ಷ ಮಾವ. ಅದರ ಅಭ್ಯಾಸ ಅದು.”

“ಕಡತದ ಮೇಲೆ 2567 ಅಂತಿದೆ.”

“ಅದು ನಮ್ಮ ಬುದ್ಧ ವರ್ಷ.”

ಚುಯ್ ಮಾವ ಅವಳ ಮುಖವನ್ನೇ ನೋಡಿದ. “ಹಾಗಾದ್ರೆ ಇವು ಇನ್ನೂ ಹುಟ್ಟೇ ಇಲ್ಲವಲ್ಲಮ್ಮ! ಹಳೇದು ಹೇಗಾಗತ್ತೆ? ಇನ್ನೂ ಐನೂರ ನಲವತ್ತಮೂರು ವರ್ಷ ಕಾಯ್ಬೇಕು.”

ರಾಂಫಾ ಪರದೆಗೆ ಮುಖ ತಂದು ಎರಡೂ ವರ್ಷಗಳನ್ನು ಮತ್ತೊಮ್ಮೆ ಓದಿದಳು.

“ನಾನೂ ಒಂದ್ಸಲ ಹೊರದೇಶದ ವರ್ಷ ಬರೆದ ಚೀಟಿ ಊರಿನ ಪೀಪಾಯಿಗೆ ಅಂಟಿಸಿದ್ದೆ,” ಎಂದು ಅವನು ಉತ್ಸಾಹದಿಂದ ಶುರು ಮಾಡಿದ. “ತಪಾಸಣೆಯವನು ಬಂದು, ಇದೇನಜ್ಜ, ಐನೂರು ವರ್ಷ ಹಿಂದಿನ ಅಯುತ್ಥಯದ ರಾಜರ ಕಾಲದ ರಸವಾ ಅಂತ…”

ರಾಂಫಾಳಿಗೆ ಕೇಳಿಸಲಿಲ್ಲ. ಕಡತಗಳಿಗೆ ಹೆಸರಿಡುವಾಗ ಆ ಕಂಪನಿಯವರು ‘ವರ್ಷ ಯಾವುದು ಹಾಕೋಣ’ ಎಂದು ಕೇಳಿದ್ದರು. ‘ನಮ್ಮದೇ ಹಾಕಿ, ಆ ಹೊರದೇಶದ ವರ್ಷ ಗಿರ್ಷ ಯಾರಿಗೆ ಅರ್ಥವಾಗುತ್ತೆ’ ಎಂದು ಜಂಬದಿಂದ ಹೇಳಿದ್ದು ಯಾರು? ತಾನೇ. ನಾಲ್ಕು ವರ್ಷ ಕ್ವಾಂಗ್ ಅಣ್ಣನನ್ನು ಬೈದಳು, ಕಂಪನಿಯನ್ನು ಬೈದಳು, ದೇವರನ್ನೂ ಬಿಡಲಿಲ್ಲ.

“ಮಾವ, ಆ ಸೋಡ ಇತ್ತ ಕೊಡಿ.”

“ಅಯ್ಯೋ, ಅದು ದೇವ್ರದ್ದು!”

“ಅವನದೇನೂ ತಪ್ಪಿಲ್ಲ, ಕ್ಷಮಿಸ್ತಾನೆ,” ಎಂದು ಅರ್ಧ ಬಾಟಲಿ ಹೀರಿದಳು.

ಆದರೂ ಅವಳು ದುಡುಕಲಿಲ್ಲ. ಮೊದಲು ನಿನ್ನೆಯ ಬ್ಯಾಕಪ್ಪನ್ನು ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಬ್ಯಾಕಪ್ ಇದೆ ಎಂದರೆ ಸಾಲದು, ಅದು ಬಾಯಿ ಬಿಡಬೇಕು. ಬಿಟ್ಟಿತು. ಸೋಮವಾರದ ಕೊನೆಯ ಪೆಟ್ಟಿಗೆಯವರೆಗೆ ಎಲ್ಲವೂ ಇತ್ತು. ಆಮೇಲೆ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿದಳು: ಹೆಸರಿನ ವರ್ಷದಿಂದ 543 ಕಳೆ. ಗುಂಡಿ ಒತ್ತಿದಳು.

‘ಏಳು ದಿನಕ್ಕಿಂತ ಹಳೆಯ ಕಡತ: 280. ಅಳಿಸಲಾಗಿದೆ.’

ಪಟ್ಟಿಯಲ್ಲಿ ಗೀಟು ಬೀಳದೆ ಉಳಿದವು ಸರಿಯಾಗಿ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವಳು ಕ್ವಾಂಗ್ ಅಣ್ಣನಿಗೆ ಫೋನು ಮಾಡಿದಳು. “ಅಣ್ಣ, ಯಂತ್ರ ಕಸ ಗುಡಿಸ್ತು.”

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು. ಕೊನೆಗೆ, “ಒಳ್ಳೇದಾಯ್ತು… ಆದ್ರೂ ಇನ್ನೊಂದು ತಿಂಗಳು ನೋಡೋಣ ರಾಂಫಾ. ಬ್ಯಾಕಪ್ ಯಾರು ನೋಡ್ತಾರೆ?”

“ಬಿಲ್ಲು ಬರೆಯೋ ಹುಡುಗಿ ಉರೈವನ್ ನೋಡ್ತಾಳೆ. ಎಲ್ಲ ಬರೆದಿಟ್ಟಿದೀನಿ, ಅವಳ ಕೈಲಿ ಮೂರು ಸಲ ಮಾಡಿಸಿದೀನಿ.”

“ಹಬ್ಬ ಕಳೀಲಿ, ಆಮೇಲೆ ಕಾಗದ ಕೊಡುವಿಯಂತೆ.”

“ಕಾಗದ ಲಾರಿ ಹತ್ತಿ ಆಯ್ತು ಅಣ್ಣ!” ಎಂದುಬಿಟ್ಟಳು ರಾಂಫಾ.

ಕಾಗದ ಖಾನೆಯಲ್ಲಿತ್ತು. ಬ್ಯಾಂಕಾಕಿಗೆ ಹೋಗುವ ಲಾರಿ ಗೇಟಿನಲ್ಲಿ ಗುರುಗುಟ್ಟುತ್ತಿತ್ತು.

ಲಕೋಟೆ ಹರಿದು, ತಾರೀಖಿನ ಜಾಗದಲ್ಲಿ ‘ಏಪ್ರಿಲ್ 2’ ಎಂದು ಬರೆದು, ವರ್ಷದ ಹತ್ತಿರ ಒಂದು ಕ್ಷಣ ತಡೆದಳು. ಯಾವುದಕ್ಕೂ ಇರಲಿ ಎಂದು ಎರಡನ್ನೂ ಬರೆದಳು. ಅಂಟಿಗೆ ಪುರುಸೊತ್ತಿರಲಿಲ್ಲ. ಚುಯ್ ಮಾವ ಪೀಪಾಯಿಯ ಚೀಟಿಯೊಂದನ್ನು ಕಿತ್ತು ಲಕೋಟೆಯ ಬಾಯಿಗೆ ಮೆತ್ತಿಕೊಟ್ಟ. ಐವತ್ತೆಂಟರ ರಾಂಫಾ ಪೀಪಾಯಿಗಳ ಸಾಲಿನ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಹಿಂದಿನಿಂದ ಚುಯ್ ಮಾವ, “ನಿಲ್ಸೋ! ಲಾರಿ ನಿಲ್ಸೋ!” ಎಂದು ಕೂಗುತ್ತಿದ್ದ.

ಗೇಟಿನಾಚೆ ಲಾರಿ ನಿಂತಿತು. ಚಾಲಕ ಬಗ್ಗಿ ಲಕೋಟೆ ಇಸಿದುಕೊಂಡು, ಅದರ ಮೇಲಿನ ಚೀಟಿ ಓದಿ ಹುಬ್ಬೇರಿಸಿದ. “ಹದಿನೆಂಟು ತಿಂಗಳು ಮಾಗಿದ್ದು, ಮೊದಲ ದರ್ಜೆ… ಇದೇನಕ್ಕ? ಅರ್ಜೆಂಟಾ?”

“ನಾಲ್ಕು ವರ್ಷ ಮಾಗಿದೆ. ಯಜಮಾನರ ಕೈಗೇ ಕೊಡು. ದಾರೀಲಿ ತಿಂಡಿಗೆ ಗಿಂಡಿಗೆ ಅಂತ ಎಲ್ಲೂ ನಿಲ್ಲಿಸ್ಬೇಡ.”

ಅವನು ಅದನ್ನು ಕಚೇರಿಯ ಚೀಲಕ್ಕೆ ಹಾಕಿ, ಚೀಲದ ಬಾಯಿ ಬಿಗಿದು, ಗೇರು ಬದಲಿಸಿದ.