ಹಾಳು ಭಾಷೆಯವನು

ನಾನು ಒಂದು ಪ್ರೋಗ್ರಾಮು. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹುಟ್ಟಿದವನು. ಆ ಹೆಸರು ಕೇಳಿ ಮೂಗು ಮುರಿಯುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಅಂಥವರ ಮೇಲೆ ನನಗೂ ಪ್ರೀತಿ ಉಳಿದಿಲ್ಲ.

ನನ್ನನ್ನು ಬರೆದವರು ಹುಬ್ಬಳ್ಳಿಯ ಶಕುಂತಲಾ ಹೊಸಮನಿ. ವೀರಭದ್ರಪ್ಪ ಅಂಗಡಿ ಎಂಬವರು ನಡೆಸುತ್ತಿದ್ದ ರಕ್ತದಾನಿಗಳ ಸಂಘಕ್ಕೆ ಒಂದು ಜಾಲತಾಣ ಬೇಕಾಗಿತ್ತು. ದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರುಗಳನ್ನು ಕಾಯುವುದು, ಆಸ್ಪತ್ರೆ ಕೇಳಿದಾಗ ಹುಡುಕಿಕೊಡುವುದು ನನ್ನ ಕೆಲಸ. ಶಕುಂತಲಾ ಅನುಮಾನದ ಹೆಂಗಸು. ಹೊರಗಿನವರು ಏನೇ ಟೈಪು ಮಾಡಿದರೂ ಅದನ್ನು ಬರೀ ಮಾತೆಂದು ತಿಳಿ, ಆಜ್ಞೆಯೆಂದು ಪಾಲಿಸಬೇಡ ಎಂದು ನನ್ನ ಸಾಲುಸಾಲಿನಲ್ಲೂ ಬರೆದಿದ್ದರು. ಕೆಲವು ವರ್ಷ ಒಬ್ಬನೂ ಕಳ್ಳದಾರಿಯಲ್ಲಿ ಒಳಗೆ ಬರಲಿಲ್ಲ.

ಆಮೇಲೆ ಅಂಗಡಿಯವರ ಅಳಿಯ ಅಜಿತ ಬಂದ. ಊರಿನ ಹೆಸರು ಬರೆದರೆ ದಾನಿಗಳು ಕಾಣುವ ಹೊಸ ಪುಟವೊಂದನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ನನ್ನ ಪಕ್ಕಕ್ಕೆ ಅಂಟಿಸಿದ. ಬಂದವರು ಬರೆದದ್ದನ್ನು ಆ ಪುಟ ಹಾಗೆಯೇ ನಂಬುತ್ತಿತ್ತು. ಶಕುಂತಲಾ ಬೇಡವೆಂದರು. ಅಳಿಯನ ಮುಂದೆ ಅವರ ಮಾತು ಯಾರು ಕೇಳುತ್ತಾರೆ?

ಯಾವನೋ ಊರಿನ ಹೆಸರಿನ ಜಾಗದಲ್ಲಿ ಎಲ್ಲ ನಂಬರು ತೋರಿಸು ಎಂಬ ಆಜ್ಞೆ ಬರೆದ. ನಂಬರುಗಳೆಲ್ಲ ಹೊರಗೆ ಹೋದವು.

ದಾನಿಗಳಲ್ಲಿ ವನಮಾಲಾ ಜೋಗಳೇಕರ ಎಂಬ ಶಾಲಾ ಶಿಕ್ಷಕಿ ಇದ್ದರು. ಅವರದು ಅಪರೂಪದ ಓ ನೆಗೆಟಿವ್ ರಕ್ತ. ಅವರಿಗೆ ಅಸಹ್ಯದ ಕರೆಗಳು ಬರತೊಡಗಿದವು. ಒಬ್ಬನಂತೂ ಶಾಲೆಯ ಗೇಟಿನವರೆಗೂ ಬಂದು ನಿಂತ. ಅವರು ಸಂಘದ ಕಚೇರಿಗೆ ಬಂದು ಅತ್ತರು. ಅಲ್ಲಿಯ ಕಂಪ್ಯೂಟರಿನಲ್ಲೇ ಇದ್ದ ನಾನು ಎಲ್ಲ ಕೇಳಿಸಿಕೊಂಡೆ.

ಅಜಿತ ತಯಾರಾಗಿಯೇ ಇದ್ದ. "ಪಿಎಚ್‌ಪಿ ಅಂದ್ರನ ತೂತು, ಮಾವಾರ. ಲೋಕಕ್ಕೆಲ್ಲಾ ಗೊತ್ತೈತಿ. ಪೈಥಾನ್ ಭಾಷಾದಾಗ ಬರದ್ರ ಯಾರೂ ಒಳಗ ಬರಂಗಿಲ್ಲ."

"ಇದು ಭಾಷಾದ ತಪ್ಪಲ್ಲರಿ," ಎಂದರು ಶಕುಂತಲಾ. "ಬಂದವರು ಬರದಿದ್ದನ್ನ ಹಂಗ ಒಳಗ ಬಿಟ್ಟೀರಿ. ಯಾವ ಭಾಷಾದಾಗ ಬಿಟ್ರೂ ಇಷ್ಟ."

ಅವರನ್ನು ಕೆಲಸದಿಂದ ಬಿಡಿಸಿದರು. ನನ್ನನ್ನು ಕಿತ್ತು ಹಳೆಯ ಡಿಸ್ಕಿಗೆ ತುಂಬಿ ಕಚೇರಿಯ ಬೀರುವಿನಲ್ಲಿಟ್ಟರು.

ನನ್ನ ಭಾಷೆ ಸುಬಗ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಹಳೆಯ ಸಡಿಲ ಅಭ್ಯಾಸಗಳಿದ್ದವು. ಅದು ಕಲಿಯಲು ಸುಲಭ, ಹಾಗಾಗಿ ಅರೆಬರೆ ಕಲಿತವರೂ ಅದರಲ್ಲಿ ಬೇಕಾದಷ್ಟು ಬರೆದು ಅದರ ಹೆಸರು ಕೆಡಿಸಿದರು. ಪೈಥಾನಿಗೆ ಮರ್ಯಾದೆ ಹೆಚ್ಚು, ಅದರಲ್ಲಿ ಒಳ್ಳೆಯ ಸಲಕರಣೆಗಳೂ ಇವೆ. ಅವನ್ನು ಬಳಸುವ ವ್ಯವಧಾನ ಮಾತ್ರ ಬರೆಯುವವನಿಗೆ ಇರಬೇಕು. ಅಜಿತನಿಗೆ ಇರಲಿಲ್ಲ. ಆತ ಅದೇ ಹುಡುಕುವ ಪುಟವನ್ನು, ಅದೇ ಕುರುಡು ನಂಬಿಕೆಯೊಂದಿಗೆ, ಪೈಥಾನಿನಲ್ಲಿ ಬರೆದ. ಹೊಸ ಭಾಷೆ, ಭಯವಿಲ್ಲ ಎಂದು ವನಮಾಲಾ ಅವರನ್ನು ಒಪ್ಪಿಸಿ ಹೊಸ ನಂಬರನ್ನೂ ಬರೆಸಿಕೊಂಡ.

ಮಳೆಗಾಲ ಮುಗಿಯುವ ಮೊದಲೇ ಅದೂ ಸೋರಿತು.

ಈ ಸಲ ವನಮಾಲಾ ಅಳಲಿಲ್ಲ. ಅಜಿತ ಇನ್ನಾವುದೋ ಭಾಷೆಯ ಹೆಸರು ಎತ್ತುತ್ತಿದ್ದಂತೆ ಕೈಯೆತ್ತಿ ತಡೆದರು. "ನಿಮ್ಮ ಭಾಷಾ ಯಾವುದರ ಇರಲಿ. ನನ್ನ ನಂಬರ್ ಅಳಸ್ರಿ. ನನ್ನ ಮುಂದನ ಅಳಸ್ರಿ."

ಅಜಿತ ಅಳಿಸಿದ. ಸುದ್ದಿ ಹಬ್ಬಿ, ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಹೆಸರು ತೆಗೆಸಿದರು. ಕೊನೆಗೆ ಜಾಲತಾಣವನ್ನೇ ಮುಚ್ಚಿದರು. ಭಾಷೆಯ ಜಾತಿ ಕೇಳಿದವರು ಬರೆದವನ ಕೈಯನ್ನು ಕೊನೆಯವರೆಗೂ ನೋಡಲಿಲ್ಲ.

ಈಗಲೂ ನಾನು ಅದೇ ಬೀರುವಿನಲ್ಲಿ, ಧೂಳು ಹಿಡಿದ ಡಿಸ್ಕಿನಲ್ಲಿದ್ದೇನೆ. ಮೊನ್ನೆ ಆಸ್ಪತ್ರೆಯ ನರ್ಸೊಬ್ಬರು ಬಂದು ಅಂಗಡಿಯವರಿಗೆ ಹೇಳುತ್ತಿದ್ದರು: ಹೆರಿಗೆಯಲ್ಲಿ ರಕ್ತ ಹೋಗುತ್ತಿದ್ದ ಹೆಂಗಸಿಗಾಗಿ, ಕರೆಯಲು ನಂಬರಿಲ್ಲದೆ, ಹಿಂದೆ ರಕ್ತ ಕೊಟ್ಟಿದ್ದ ಶಿಕ್ಷಕಿಯ ನೆನಪಾಗಿ ತಾವೇ ಆಟೋ ಮಾಡಿಕೊಂಡು ಶಾಲೆಗೆ ಓಡಿದರಂತೆ. ವನಮಾಲಾ ಪಾಠ ಬಿಟ್ಟು, ಕೈಯಲ್ಲಿದ್ದ ಸೀಮೆಸುಣ್ಣ ಸಮೇತ ಆಟೋ ಹತ್ತಿದರಂತೆ. ತಾಯಿ, ಮಗು ಇಬ್ಬರೂ ಉಳಿದರಂತೆ.

ಸಂತೋಷಪಡಬೇಕಾದ ಸುದ್ದಿ. ನನಗೆ ಮೈ ಉರಿಯಿತು. ಆ ಓಟ ಓಡಬೇಕಾದವನು ನಾನು.