ಪಿನ್ನು ಚುಚ್ಚಲು ಅಪ್ಪ ಬರಬೇಕು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಟೈಲರ್ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಂಥ ಗಡಿಬಿಡಿಯಲ್ಲೇ ಟೈಲರನ ಮಗಳು ಬಂದು ಮೆಷಿನ್ ಪಕ್ಕ ನಿಂತಳು.

"ಅಪ್ಪಾ, ಭಾನುವಾರ ನಮ್ಮ ಸ್ಕೌಟ್ಸ್-ಗೈಡ್ಸ್ ದಳದ ಪ್ರಶಸ್ತಿ ಸಮಾರಂಭ. ನಂಗೆ ಪ್ರಥಮ ಚಿಕಿತ್ಸೆ ಬ್ಯಾಡ್ಜ್ ಬಂದಿದೆ. ಅದನ್ನ ಮನೆಯವರೇ ವೇದಿಕೆಗೆ ಬಂದು ಪಿನ್ನಿನಿಂದ ಅಂಗಿಗೆ ಚುಚ್ಚಬೇಕು. ಬರ್ತೀಯಾ?"

"ಅಂಗಡಿ ನೋಡ್ಕೊಳ್ಳೋಕೆ ನಿಮ್ಮಜ್ಜ ಬರ್ತಾನಾ? ಒಂದು ಬಟ್ಟೆ ಚೂರಿಗೆ ಎಷ್ಟು ಗಲಾಟೆ!"

ಗದರಿದ್ದೇನೋ ಹೌದು, ಕರುಳು ಕೇಳಬೇಕಲ್ಲ! ಹೋದ ವರ್ಷವೇ ಅದನ್ನು ಪಡೆದಿದ್ದ ಅವಳ ಗೆಳತಿಯ ಅಂಗಿಯ ಮೇಲಿದ್ದ ಬ್ಯಾಡ್ಜ್ ನೋಡಿಕೊಂಡು, ಅಂಥದ್ದೇ ಒಂದನ್ನು ತಾನೇ ರೇಷ್ಮೆ ದಾರದಲ್ಲಿ ಹೊಲಿದ. ಮಗಳ ಸಮವಸ್ತ್ರದ ತೋಳಿಗೆ ಭದ್ರವಾಗಿ ಕೂರಿಸಿದ. ಇನ್ನು ಸಮಾರಂಭದ ಹಂಗಿಲ್ಲ ಎಂದು ಬೀಗಿದ.

ಮಗಳು ಒಂದೊಂದೇ ಹೊಲಿಗೆ ಬಿಚ್ಚಿ, ಬ್ಯಾಡ್ಜನ್ನು ಮೆಷಿನ್ ಮೇಲಿಟ್ಟಳು.

"ತುಂಬಾ ಚೆನ್ನಾಗಿದೆ ಅಪ್ಪಾ. ಆದ್ರೆ ಇದು ನೀನು ಸಂಪಾದಿಸಿದ್ದು, ನಾನಲ್ಲ."

ಟೈಲರ್ ಪೆಚ್ಚಾದ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸಕ್ಕ ತನ್ನ ಕೋಟು ಒಯ್ಯಲು ಬಂದಳು. ಕಥೆ ಕೇಳಿ ನಕ್ಕುಬಿಟ್ಟಳು.

"ಈ ಬ್ಯಾಡ್ಜಿಗೆ ಅವಳನ್ನ ಪರೀಕ್ಷೆ ಮಾಡಿದ್ದೇ ನಾನು. ಪಟ್ಟಿ ಸಡಿಲ ಕಟ್ಟಿದ್ಲು ಅಂತ ಮೊದಲ ಸಲ ಫೇಲ್ ಮಾಡಿದ್ದೆ. ಅತ್ಕೊಂಡು ಹೋದೋಳು, ಚೆನ್ನಾಗಿ ಕಲಿತು ಮತ್ತೆ ಬಂದ್ಲು."

"ಓಹೋ, ಅಜ್ಜಿ ಕಾಲಿಗೆ ಬಟ್ಟೆ ಸುತ್ತಿ ಬಿಚ್ಚಿ ಮಾಡ್ತಿದ್ದಿದ್ದು ಇದಕ್ಕಾ? ಬಟ್ಟೆ ಹಾಳು ಅಂತ ಬೈದುಬಿಟ್ಟೆನಲ್ಲಾ!"

"ಬ್ಯಾಡ್ಜ್ ಯಾರು ಬೇಕಾದ್ರೂ ಹೊಲೀಬಹುದು ಅಣ್ಣ. ಎಲ್ಲರೆದುರು ನಿಂತು 'ಇವಳು ನನ್ನ ಮಗಳು' ಅನ್ನೋದು ನಿಮ್ಮಿಂದ ಮಾತ್ರ ಆಗೋದು. ಆ ಒಂದು ಮಾತಿಗೇ ಮಕ್ಕಳು ಮುಂದಿನ ಕೆಲಸಕ್ಕೆ ಧೈರ್ಯವಾಗಿ ಕೈ ಹಾಕ್ತಾರೆ."

ಭಾನುವಾರ ಅಂಗಡಿಗೆ ಬೀಗ ಬಿತ್ತು. ಅಳತೆಯ ಟೇಪು ಮಾತ್ರ ಟೈಲರನ ಕೊರಳಲ್ಲೇ ಉಳಿದಿತ್ತು! ಮಗಳ ಹೆಸರು ಕರೆದರು. ದಿನವಿಡೀ ಸೂಜಿ ಹಿಡಿಯುವ ಕೈಗೆ ವೇದಿಕೆಯ ಮೇಲೆ ಒಂದು ಪಿನ್ನು ನೆಟ್ಟಗೆ ಚುಚ್ಚಲಾಗಲಿಲ್ಲ. ಬ್ಯಾಡ್ಜ್ ಸೊಟ್ಟಗೆ ಕೂತಿತು.

"ಬಿಚ್ಚಿ ಸರಿಮಾಡ್ಲಾ?" ಎಂದು ಪಿಸುಗುಟ್ಟಿದ.

"ಬೇಡಪ್ಪಾ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ. "ಇದನ್ನ ಮಾತ್ರ ಬಿಚ್ಚಲ್ಲ."

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಕ್ಕಳ ದಳದಲ್ಲೂ ಇಂಥ ದಿನ ಬರುತ್ತದೆ. ಯಾವತ್ತು ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ನಿಮಗೆ ಆಗದಿದ್ದರೆ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಕಳಿಸಿ. ವೇದಿಕೆ ಹತ್ತಿದ ಮಗು ಮೊದಲು ಹುಡುಕುವುದು ಮನೆಯವರ ಮುಖವನ್ನು. ಅಲ್ಲಿರಿ.