ಹೊಳೆಗೆ ಎದುರಾಗಿ

ನೀರು ಉಗುಳುತ್ತಿದೆ, ಸದ್ಯ, ದೋಣಿಯ ಹಿಂಬದಿಯ ಕೊಳವೆಯಿಂದ ಗುಟುಕು ಗುಟುಕಾಗಿ ಬೀಳುತ್ತಿದೆ, ಎಂಜಿನ್ ಚಾಲೂ ಆದ ಮೇಲೆ ಮೊದಲು ನೋಡಬೇಕಾದದ್ದು ಅದನ್ನೇ, ಹೊಳೆಯ ತಣ್ಣೀರು ಒಳಗೆ ಹೋಗಿ ಎಂಜಿನ್ನಿನ ಕಾವು ಹೊತ್ತುಕೊಂಡು ಹೊರಗೆ ಬರುತ್ತಿದೆಯೋ ಇಲ್ಲವೋ, ಬರದಿದ್ದರೆ ಹತ್ತು ನಿಮಿಷದಲ್ಲಿ ಒಳಗಿರುವುದೆಲ್ಲ ಬೆಂದುಹೋಗುತ್ತದೆ — ಏಳು ವರ್ಷದಿಂದ ಅಕ್ಕ ಹಿಂದಕ್ಕೆ ಬಗ್ಗಿ ನೋಡುತ್ತಿದ್ದಳು, ಇವತ್ತು ಬಗ್ಗಲಿಲ್ಲ, ತಲೆ ವಾರೆ ಮಾಡಿ ಕಿವಿಗೊಟ್ಟಳು, ಉಗುಳ್ತಾ ಇದೆ ಬಿಡು ಅಂದಳು, ನಾನು ಹೂಂ ಅಂದೆ, ನಾನಾಗಲೇ ನೋಡಿದ್ದೆ ಅಂತ ಹೇಳಲಿಲ್ಲ. ಎಣ್ಣೆಯನ್ನೂ ಹಾಗೇ ನೋಡಿದಳು, ಅಂದರೆ ನೋಡಲಿಲ್ಲ, ಅಳತೆಕಡ್ಡಿ ಹೊರಗೆಳೆದು ಅದರ ಮೇಲೆ ಹೆಬ್ಬೆರಳು ಜಾರಿಸಿದಳು, ಗೀರು ಎಲ್ಲಿದೆ ಎಣ್ಣೆ ಎಲ್ಲಿಗೆ ಬಂದಿದೆ ಅನ್ನುವುದನ್ನು ಚರ್ಮದಲ್ಲೇ ಓದಿಕೊಂಡಳು, ಕೂದಲೆಳೆಯಷ್ಟು ಕಮ್ಮಿ ಇದೆ, ಸಾಕು, ನಾಲ್ಕು ಕಿಲೋಮೀಟರ್ ತಾನೆ. ಹೊಳೆ ಹರಿಯುವ ಕಡೆಗೇ ನಾಲ್ಕು ಕಿಲೋಮೀಟರ್ ಇಳಿವು, ನಡುವೆ ಒಂದು ಸೇತುವೆ, ಅದರಾಚೆ ದೋಣಿ ರಿಪೇರಿಯ ಅಂಗಳ, ಅಲ್ಲಿ ನಮ್ಮ ದೋಣಿಯನ್ನು ಪಟ್ಟಿ ಹಾಕಿ ಮೇಲೆತ್ತುತ್ತಾರೆ, ಹೊಟ್ಟೆಗೆ ಅಂಟಿದ ಪಾಚಿ ಕೆರೆಯುತ್ತಾರೆ, ಕರಿಬಣ್ಣ ಬಳಿಯುತ್ತಾರೆ, ಪ್ರತಿ ಎರಡು ವರ್ಷಕ್ಕೊಮ್ಮೆ ಮಾಡಿಸಿದ್ದೇ, ಆದರೆ ಈ ಸಲ ಬಣ್ಣ ಒಣಗಿದ ಮೇಲೆ ಅದು ದೋಣಿ ಕಟ್ಟುವ ನಮ್ಮ ಕಟ್ಟೆಗೆ ವಾಪಸ್ ಬರುವುದಿಲ್ಲ. ಕೊಟ್ಬಿಡೋಣ ಕಣೇ ಪಾಪು ಅಂದಿದ್ದಳು ಅಕ್ಕ, ಕಾಲು ಮುರಿದ ಕುರ್ಚಿಯ ವಿಷಯ ಹೇಳುವ ಹಾಗೆ, ನನಗೆ ಐವತ್ತಾರು ವರ್ಷ, ನನ್ನನ್ನು ಇನ್ನೂ ಪಾಪು ಅನ್ನುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

ಹಗ್ಗ ಬಿಚ್ಚಿದೆ, ಮುಂದಿನದು ಮೊದಲು, ಹಿಂದಿನದು ಆಮೇಲೆ, ಅಲ್ಲ, ತಪ್ಪು, ಹೊಳೆ ಹರಿಯುವ ಕಡೆಯದು ಮೊದಲು, ಏಳು ವರ್ಷವಾದರೂ ನಾನು ಬಾಯಿಪಾಠ ಹೇಳಿಕೊಂಡೇ ಬಿಚ್ಚುವುದು. ಹಗ್ಗ ನನ್ನ ಕೆಲಸ, ಸ್ಟೇರಿಂಗ್ ಅವಳದ್ದು, ಮೊದಲ ದಿನವೇ ಆದ ಒಪ್ಪಂದ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು, ಸಂದುಗೊಂದಿನಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸಿದವಳು, ನಿವೃತ್ತಿಯಾದ ವಾರವೇ ಬಂದು, ಹಲ್ಲಿನ ಡಾಕ್ಟರೊಬ್ಬರು ದೋಣಿ ಮಾರ್ತಿದಾರೆ, ಒಳಗೆ ಎರಡು ಮಂಚ, ಒಂದು ಒಲೆ, ಒಂದು ತೊಟ್ಟಿ, ಅರ್ಧ ನೀನು ಹಾಕು ಅರ್ಧ ನಾನು ಅಂದಳು, ನನಗೆ ಈಜು ಬರಲ್ಲ ಅಕ್ಕ ಅಂದೆ, ನಂಗೂ ಬರಲ್ಲ, ಬಸ್ಸು ಓಡಿಸ್ವಾಗ ಹಾರಕ್ಕೆ ಬರ್ತಿತ್ತಾ ಅಂದಳು. ಬಸ್ಸಲ್ಲ ಇದು ಅಂತ ಹೊಳೆಯೇ ಅವಳಿಗೆ ಕಲಿಸಿತು, ಬ್ರೇಕಿಲ್ಲ, ನಿಲ್ಲಬೇಕಾದರೆ ಹಿಂದಕ್ಕೆ ಹೊಡೆಯಬೇಕು, ಹಿಂದಕ್ಕೆ ಹೊಡೆದರೆ ಹಿಂಭಾಗ ತನ್ನಷ್ಟಕ್ಕೆ ಎಡಕ್ಕೆ ಸರಿಯುತ್ತದೆ, ಕುಂಡಿ ಅಲ್ಲಾಡಿಸಿಕೊಂಡು ಹೋಗುತ್ತೆ ಅಂತ ದೋಣಿಗೆ ಬಾತುಕೋಳಿ ಅಂತಲೇ ಹೆಸರಿಟ್ಟೆವು. ಮೊದಲ ವರ್ಷ ಒಮ್ಮೆ ನನ್ನ ಕೈಗೂ ಕೊಟ್ಟಿದ್ದಳು, ಎಡಕ್ಕೆ ತಿರುಗಿಸಿದೆ, ತಿರುಗಲಿಲ್ಲ, ಇನ್ನೂ ತಿರುಗಿಸಿದೆ, ಆಮೇಲೆ ಒಟ್ಟಿಗೇ ಎಲ್ಲ ತಿರುಗಿ ಕಟ್ಟೆಯ ಹಲಗೆ ಸೀಳಿತು, ಮೀನು ಹಿಡಿಯುತ್ತಿದ್ದವರೊಬ್ಬರು ಗಾಳ ಬಿಟ್ಟು ಓಡಿದರು, ಅವತ್ತಿನಿಂದ ನಾನು ಮುಟ್ಟಿಲ್ಲ. ಇವತ್ತೂ ಮುಟ್ಟುವುದಿಲ್ಲ. ಕೊನೇ ಸಲ ನಾನೇ ತಗೊಂಡ್ಹೋಗ್ತೀನಿ, ನೀನು ಮುಂದೆ ನಿಂತು ಏನಿದೆ ಅಂತ ಹೇಳ್ತಾ ಇರು, ಕಂಡಕ್ಟರ್ ಥರ, ಅಂದಳು ಅಕ್ಕ, ಆಯ್ತು ಅಂದೆ, ಬೇಡ ಅನ್ನಬೇಕಿತ್ತು, ನನಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು, ನಾನು ಕನ್ನಡಕದ ಅಂಗಡಿಯವಳು.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ, ಮೂವತ್ತು ವರ್ಷ ಊರಿನವರ ಮೂಗಿನ ಮೇಲೆ ಗಾಜು ಕೂರಿಸಿದ್ದೇನೆ, ಯಾರಾದರೂ ಬಾಗಿಲು ದಾಟಿ ಬರುವ ರೀತಿಯಲ್ಲೇ ಇವರಿಗೆ ಹತ್ತಿರದ್ದು ಕಾಣಲ್ಲ ಇವರಿಗೆ ದೂರದ್ದು ಕಾಣಲ್ಲ ಅಂತ ಹೇಳಬಲ್ಲೆ, ಅಕ್ಕ ಮಾತ್ರ ಒಂದು ವರ್ಷದಲ್ಲಿ ಎರಡು ಸಲ ಬಂದು ಗ್ಲಾಸು ಗೀಚಿಹೋಗಿದೆ ಕಣೇ, ಮಧ್ಯ ಮಸಿ ಹತ್ತಿದ ಹಾಗಿದೆ, ಬದಲಾಯಿಸು ಅಂದಾಗ ಬದಲಾಯಿಸಿದೆ, ತೆಗೆದ ಗಾಜನ್ನು ಬೆಳಕಿಗೆ ಹಿಡಿದೆ, ಒಂದು ಗೀರೂ ಇರಲಿಲ್ಲ, ಇರಲಿಲ್ಲ ಅಂತ ಕಂಡಿತ್ತು ನನಗೆ, ಕಂಡೂ ಹೊಸ ಗಾಜು ಹಾಕಿ ಒರೆಸಿ ಕೊಟ್ಟೆ, ಹೋಗೋವಾಗ ಬನ್ ತಗೊಂಡ್ಹೋಗು ಅಂದೆ. ಆಮೇಲೆ ದೋಣಿಯ ಪಕ್ಕೆಯಲ್ಲಿ ಮೊಳದುದ್ದದ ಗಾಯ, ಯಾರೋ ಬಂದು ಉಜ್ಜಿದಾರೆ, ಜನಕ್ಕೆ ಕಣ್ಣೇ ಇಲ್ಲ ಅಂದಳು, ಗಾಯದ ಮೇಲೆ ಬೆರಳು ಆಡಿಸಿದಳು. ಆಮೇಲೆ ಫ್ಲಾಸ್ಕಿನಿಂದ ಟೀ ಬಗ್ಗಿಸುವಾಗ ಲೋಟದ ಪಕ್ಕಕ್ಕೆ, ನನ್ನ ಮಂಡಿಯ ಮೇಲೆ, ಸುಡುಸುಡು ಟೀ, ನಾನು ಕೂಗಲಿಲ್ಲ, ಅವಳು ಬಗ್ಗಿಸುತ್ತಲೇ ಇದ್ದಳು, ಲೋಟ ತುಂಬಿತು ಅಂದುಕೊಂಡು ನಿಲ್ಲಿಸಿದಳು, ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಪರದೆಯ ನಟ್ಟನಡುವೆ ಸವೆದುಹೋಗಿದೆ, ಬಲಗಣ್ಣಲ್ಲಿ ಪೂರ್ತಿ, ಎಡಗಣ್ಣಲ್ಲಿ ಮುಕ್ಕಾಲು, ಇದಕ್ಕೆ ಕನ್ನಡಕ ಇಲ್ಲ ಅಂದರು ಡಾಕ್ಟರು, ಕನ್ನಡಕ ಇಲ್ಲ, ನನ್ನ ಮುಖ ನೋಡಿ ಹೇಳಿದರು.

ಎಡಕ್ಕೆ ಸ್ವಲ್ಪ ಅಕ್ಕ, ಸಾಕು, ನೇರ — ಬಿಸಿಲು ಬೆಳ್ಳಗೆ ನೀರಿನ ಮೇಲೆ ಬಿದ್ದಿದೆ, ಭಾನುವಾರದ ಬೆಳಗು, ಒಂದು ದೋಣಿಯೂ ಇಲ್ಲ, ಎಷ್ಟು ಚೆನ್ನಾಗಿ ಹೋಗುತ್ತಿದ್ದಾಳೆ ನೋಡು, ದಡದ ಮರಗಳ ನೆರಳು ಹಿಡಿದು ಹೋಗುತ್ತಿದ್ದಾಳೆ, ಡಾಕ್ಟರು ಹೇಳಿದ್ದೇ ಸುಳ್ಳಿರಬಹುದು, ಮೂರು ವಾರದಲ್ಲಿ ವಾಸಿಯಾಗಿರಬಹುದು — ಮುಂದೆ ಏನೋ ನೀಲಿ, ಹಗ್ಗ, ಯಾರೋ ಬಿಸಾಕಿದ ಪ್ಲಾಸ್ಟಿಕ್ ಹಗ್ಗ ಸುರುಳಿಸುರುಳಿಯಾಗಿ ತೇಲುತ್ತಿದೆ, ಬಲಕ್ಕೆ ಹೋಗಬೇಕು, ರೈಟ್ ಅಕ್ಕ ರೈಟ್ ರೈಟ್ ಅಂದೆ, ಮೂವತ್ತೊಂದು ವರ್ಷ ಆ ಮಾತು ಕೇಳಿ ಬಸ್ಸು ಮುಂದಕ್ಕೆ ಬಿಟ್ಟವಳು, ರೈಟ್ ಅಂದರೆ ಹೋಗು ಅಂತ, ಅವಳು ಲಿವರ್ ಒತ್ತಿ ನೇರ ಅದರ ಮೇಲೇ ಬಿಟ್ಟಳು. ಕೆಳಗೆ ಗಡಗಡ, ಎಂಜಿನ್ ಏದುಸಿರು ಬಿಟ್ಟು ನಿಂತಿತು, ಎಂಥ ಮೌನ ಅದು, ನೀರು ಉಗುಳುವ ಸದ್ದೂ ಇಲ್ಲ, ಫ್ಯಾನಿಗೆ ಸುತ್ಕೊಂತು ಅಂದಳು ಅಕ್ಕ, ಪ್ರೊಪೆಲ್ಲರ್ ಅವಳ ಬಾಯಲ್ಲಿ ಯಾವಾಗಲೂ ಫ್ಯಾನೇ, ರೈಟ್ ಅಂದ್ರೆ ಬಲಗಡೆ ಅಕ್ಕ ಅಂದೆ, ಬಲಗಡೆ ಅನ್ನಕ್ಕೆ ಏನಾಗಿತ್ತು ನಿಂಗೆ, ಅಂದಳು, ಇಬ್ಬರಿಗೂ ನಗು ಬಂತು, ನಗುವ ಹೊತ್ತಲ್ಲ, ಹೊಳೆ ನಮ್ಮನ್ನು ಎತ್ತಿಕೊಂಡು ಸೇತುವೆಯ ಕಡೆಗೆ ನಡೆಯುತ್ತಿದೆ, ಕಲ್ಲಿನ ಕಂಬ, ಅದರ ಬುಡದಲ್ಲಿ ನೀರು ಬಿಳಿಯಾಗಿ ಸೀಳುತ್ತಿದೆ, ಲಂಗರು ಬಿಡು ಅಂದಳು, ಎಸೀಬೇಡ, ಇಳಿಸು, ಸರಪಳಿ ಕಾಲಿಗೆ ಸಿಗದ ಹಾಗೆ ನಿಲ್ಲು — ಇಳಿಸಿದೆ, ಸರಪಳಿ ಗರಗರ ಓಡಿತು, ಅಂಗೈ ತರಚಿತು, ಕೆಳಗೆಲ್ಲೋ ಕೆಸರಿನಲ್ಲಿ ಕೊಕ್ಕೆ ಜಾರಿತು, ಜಾರಿತು, ಕಚ್ಚಿತು. ಬಾತುಕೋಳಿ ಮೆಲ್ಲಗೆ ಸುತ್ತಿ ಹೊಳೆ ಬರುವ ಕಡೆಗೆ ಮೂತಿ ತಿರುಗಿಸಿ ನಿಂತಿತು, ಬೆನ್ನ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಕಂಬ.

ಕೀ ತೆಗಿ ಅಂದಳು ಅಕ್ಕ. ತೆಗ್ದೆ. ಜೇಬಲ್ಲಿ ಹಾಕ್ಕೊ. ಹಾಕ್ಕೊಂಡೆ. ಗುಂಡಿ ಹಾಕು. ಜೇಬಿಗೆ ಗುಂಡಿ ಇಲ್ಲ ಅಕ್ಕ. ಹಾಗಾದ್ರೆ ಅದರ ಮೇಲೆ ಕೈ ಇಟ್ಕೊಂಡು ನಿಂತ್ಕೊ, ನನ್ನ ಕೈ ಫ್ಯಾನಿನ ಒಳಗಿರುತ್ತೆ — ನಾನು ಎದೆಯ ಜೇಬಿನ ಮೇಲೆ ಕೈ ಇಟ್ಟು ಪ್ರಮಾಣ ಮಾಡುವವಳ ಹಾಗೆ ನಿಂತಿದ್ದೇನೆ, ಅವಳು ಹಿಂಬದಿಯ ನೆಲದ ಮುಚ್ಚಳ ತೆಗೆದು ಬೋರಲು ಮಲಗಿ ಭುಜದವರೆಗೆ ತೋಳು ನೀರಿಗೆ ಇಳಿಸಿದ್ದಾಳೆ, ಕೆನ್ನೆ ನೆಲಕ್ಕೆ ಒತ್ತಿದೆ, ಕಣ್ಣು ಮುಚ್ಚಿಕೊಂಡಿದ್ದಾಳೆ, ನಾನು ಚಿಕ್ಕವಳಿದ್ದಾಗ ನನ್ನ ಕೂದಲಿನ ಸಿಕ್ಕು ಬಿಡಿಸುತ್ತಿದ್ದುದು ಹೀಗೆಯೇ, ಬಾಚಣಿಗೆ ಬಿಟ್ಟು ಬೆರಳಲ್ಲೇ, ತುದಿಯಿಂದ ಶುರು ಮಾಡಿ, ನೋಯಿಸದೆ, ಅಳಬೇಡ ಪಾಪು ಮುಗೀತು ಮುಗೀತು ಅನ್ನುತ್ತ, ಈಗಲೂ ಮುಗೀತು ಮುಗೀತು ಅನ್ನುತ್ತಿದ್ದಾಳೆ, ಯಾರಿಗೆ, ಫ್ಯಾನಿಗೆ. ಚಾಕು ಕೊಡು ಅಂದಳು, ಹಿಡಿ ಮುಂದೆ ಮಾಡಿ ಕೊಟ್ಟೆ, ಮೂರು ಸುತ್ತು ಕೊಯ್ದಳು, ನಾಲ್ಕನೆಯದು ತಾನಾಗಿ ಬಿಚ್ಚಿಕೊಂಡಿತು, ನೀಲಿ ಹಗ್ಗದ ಮುದ್ದೆಯನ್ನು ಮೇಲೆ ತಂದು ನನ್ನ ಕಾಲ ಬಳಿ ಹಾಕಿದಳು, ಬೆರಳೆಲ್ಲ ಬಿಳುಚಿಕೊಂಡಿತ್ತು, ಟವೆಲಿನಲ್ಲಿ ಸುತ್ತಿ ಉಜ್ಜಿದೆ, ಯಾವ ಕಣ್ಣಿದ್ದವನು ಮಾಡುತ್ತಿದ್ದ ಇದನ್ನು, ಅಂತ ಹೇಳಬೇಕು ಅನಿಸಿತು, ಉಜ್ಜಿದೆ ಅಷ್ಟೆ. ಸೇತುವೆ ಎಷ್ಟು ದೂರ ಇದೆ ಪಾಪು, ಅಂದಳು. ಊರಿನಷ್ಟು ದೊಡ್ಡ ಸೇತುವೆ, ಕಣ್ಣೆದುರಿಗೇ ಇದೆ, ನಾನು ಉಜ್ಜುವುದನ್ನು ನಿಲ್ಲಿಸಿದೆ. ಆ ದಡ ಕಾಣ್ತಿದೆ ಕಣೇ, ಈ ದಡಾನೂ ಕಾಣ್ತಿದೆ, ಮಧ್ಯದಲ್ಲಿ ಏನೂ ಇಲ್ಲ, ದಾರಿ ಎಲ್ಲಿದೆಯೋ ಅಲ್ಲೇ ಕಾಣ್ತಿಲ್ಲ, ಎಂದಳು, ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ, ಬಸ್ಸಿನ ಗಂಟಲು ಅವಳದ್ದು. ಟವೆಲಿನಿಂದ ಕೈ ಬಿಡಿಸಿಕೊಂಡಳು, ಸ್ಟೇರಿಂಗ್ ನೀನು ಹಿಡ್ಕೊ, ಅಂದಳು.

ನಂಗಾಗಲ್ಲ ಅಕ್ಕ, ಅಂದೆ. ಆಗಲ್ಲ ಅಂತ ನಂಗೂ ಗೊತ್ತು, ಹಿಡ್ಕೊ. ಸ್ಟೇರಿಂಗ್ ನುಣ್ಣಗಿತ್ತು, ಅವಳು ಹಿಡಿಯುತ್ತಿದ್ದ ಕಡೆ ಮಾತ್ರ ನುಣ್ಣಗೆ. ಜೇಬಿನ ಕೀ ಹಾಕಿ ಎಂಜಿನ್ ಚಾಲೂ ಮಾಡಿದೆ, ಮುಂದಕ್ಕೆ, ಒಂಚೂರು, ಅಂದಳು, ಅವಳು ಮುಂದೆ ಹೋಗಿ ಸಡಿಲವಾದ ಸರಪಳಿಯನ್ನು ಕೈಮೇಲೆ ಕೈ ಹಾಕಿ ಎಳೆದುಕೊಂಡಳು, ಲಂಗರು ಬಿಡ್ತು ಅಂದಳು, ಈಗ ಪೂರ್ತಿ ಎಡಕ್ಕೆ, ತಿರುಗಲ್ಲ, ಕಾಯಿ, ಅದು ಯೋಚನೆ ಮಾಡಿ ತಿರುಗುತ್ತೆ, ನೀನು ಇನ್ನೂ ತಿರುಗಿಸ್ಬೇಡ, ಕಾಯಿ — ಕಾದೆ, ಏಳು ವರ್ಷದ ಹಿಂದೆ ನಾನು ಕಾಯದೇ ಹೋದದ್ದೇ ತಪ್ಪು, ಅಷ್ಟೇನಾ, ಅಷ್ಟೇನೆ, ಬಾತುಕೋಳಿ ಯೋಚನೆ ಮಾಡಿ ಕುಂಡಿ ಸರಿಸಿ ತಿರುಗಿತು, ಸೇತುವೆಯ ಕಮಾನು ಬಂತು, ನೆರಳು ಬಂತು, ತಣ್ಣಗಾಯಿತು, ಎಂಜಿನ್ನಿನ ಸದ್ದು ಕಲ್ಲಿಗೆ ಬಡಿದು ಎರಡು ಎಂಜಿನ್ ಆಯಿತು, ಕಂಬ ಎಷ್ಟು ಹತ್ತಿರ ಇದೆ ಅಕ್ಕ ಅಂತ ಕೇಳಿದೆ, ಯಾರನ್ನು ಕೇಳುತ್ತಿದ್ದೇನೆ ನಾನು, ಎರಡೂ ಕಿವೀಲಿ ಒಂದೇ ಸಮ ಕೇಳ್ತಿದೆ, ನಡುವೇನೇ ಇದೀಯ, ಹಾಗೇ ಹೋಗು, ಅಂದಳು. ಹೋದೆ. ಬಿಸಿಲು ಮತ್ತೆ ಬಿತ್ತು, ಅಕ್ಕ ಮುಂದಿನಿಂದ ನನ್ನ ಕಡೆ ತಿರುಗಿದಳು, ಆದರೆ ನನ್ನನ್ನು ನೋಡಲಿಲ್ಲ, ನನ್ನ ಎಡಗಿವಿಯ ಪಕ್ಕದ ಗಾಳಿಯನ್ನು ನೋಡಿದಳು, ಯಾರಿದ್ದಾರೆ ಅಲ್ಲಿ ಅಂತ ನಾನೂ ತಿರುಗಿದೆ, ಯಾರೂ ಇಲ್ಲ, ಆಗ ನೆನಪಾಯಿತು, ಡಾಕ್ಟರು ಹೇಳಿದ್ದರು, ನೇರ ನೋಡಿದರೆ ಮುಖ ಅಳಿಸಿಹೋಗುತ್ತೆ, ಅಂಚಿನ ದೃಷ್ಟಿ ಇನ್ನೂ ಚೆನ್ನಾಗಿದೆ, ಯಾರನ್ನಾದರೂ ನೋಡಬೇಕು ಅನಿಸಿದರೆ ಅವರ ಕಿವಿ ಪಕ್ಕಕ್ಕೆ ನೋಡಿ, ಮುಖ ತಾನಾಗಿ ಬರುತ್ತೆ, ಅಭ್ಯಾಸ ಮಾಡಿ. ಮಾಡಿದ್ದಾಳೆ ಹಾಗಾದರೆ, ನನಗೆ ಹೇಳದೆ, ಯಾರ ಮೇಲೆ ಮಾಡಿದಳೋ, ಕನ್ನಡಿಯ ಮುಂದೆಯೋ.

ಅಂಗಳದ ಕಟ್ಟೆ ಬಂತು, ದಾಟಿ ಹೋಗು, ದಾಟಿ ಆಮೇಲೆ ತಿರುಗು, ಯಾವತ್ತೂ ಹೊಳೆಗೆ ಎದುರಾಗೇ ನಿಲ್ಲಿಸೋದು, ಬೆನ್ನು ಕೊಟ್ರೆ ನೂಕುತ್ತೆ, ಎದುರಾದ್ರೆ ತಡೆಯುತ್ತೆ, ಅದೇ ನಿನ್ನ ಬ್ರೇಕು, ಅಂದಳು, ತಿರುಗಿಸಿದೆ, ಕಾದೆ, ಹೊಳೆ ಬಂದು ಅಂಗೈ ಇಟ್ಟು ತಡೆದ ಹಾಗೆ ದೋಣಿ ನಿಧಾನವಾಯಿತು, ಕಟ್ಟೆಯ ಮೇಲೆ ಗ್ರೀಸ್ ಮಾಮ ನಿಂತಿದ್ದಾರೆ, ರಿಪೇರಿಯವರು, ಏನು ಕಂಡರೂ ಗ್ರೀಸ್ ಹಚ್ಚದೆ ಬಿಡುವುದಿಲ್ಲ, ಏನಮ್ಮಾ ಇವತ್ತು ತಂಗಿ ಡ್ರೈವರಾ ಅಂದರು, ಅಕ್ಕ ಮುಂದೆ ಹಗ್ಗ ಸುರುಳಿ ಮಾಡಿ ಹಿಡಿದುಕೊಂಡಿದ್ದಾಳೆ, ನನ್ನ ಹಗ್ಗ, ನೀವು ಮಾತಾಡ್ತಾ ಇರಿ ಮಾಮ, ನಿಲ್ಲಿಸ್ಬೇಡಿ, ಅಂದಳು, ಅವರಿಗೆ ಅರ್ಥವಾಗಲಿಲ್ಲ, ಆದರೂ ಮಾತಾಡಿದರು, ಏನಿಲ್ಲಮ್ಮ, ಸಾಯಂಕಾಲ ನಾಲ್ಕಕ್ಕೆ ಇಬ್ಬರು ದೋಣಿ ನೋಡೋಕೆ ಬರ್ತಾರೆ, ಗಂಡ ಹೆಂಡತಿ, ಒಳ್ಳೆ ಜನ, ಬಣ್ಣ ಆಗೋವರೆಗೂ ಕಾಯ್ತಾರಂತೆ — ಆ ಧ್ವನಿ ಇದ್ದ ಕಡೆಗೆ ಅಕ್ಕ ಹಗ್ಗ ಎಸೆದಳು, ನೇರ ಅವರ ತೋಳಿಗೆ ಬಿತ್ತು, ದೋಣಿ ಕಟ್ಟೆಗೆ ತಾಗಿತು, ಮೊಟ್ಟೆ ತಾಗುವ ಹಾಗೆ, ಹಲಗೆ ಸೀಳಲಿಲ್ಲ, ಯಾರೂ ಓಡಲಿಲ್ಲ. ಬಣ್ಣ ಮಾತ್ರ ಬಳೀರಿ ಮಾಮ, ಅವರಿಗೆ ಬರೋದು ಬೇಡ ಅಂತ ಹೇಳ್ಬಿಡಿ, ನಾವು ಕೊಡ್ತಿಲ್ಲ, ಅಂದೆ, ನನ್ನ ಬಾಯಿಂದಲೇ ಬಂತೇ ಅದು, ಅಕ್ಕನನ್ನು ಕೇಳದೆ, ಬೈಯುತ್ತಾಳೆ ಈಗ, ನಿಂಗೇನು ತಲೆ ಕೆಟ್ಟಿದೆಯಾ, ಒಂದು ಸಲ ಸೇತುವೆ ದಾಟಿದ್ದಕ್ಕೆ ಇಷ್ಟು ಜಂಬನಾ, ನನ್ನ ಜೊತೆ ಯಾರು ಎಷ್ಟು ದಿನ — ಬೈಯಲಿಲ್ಲ. ಎಂಜಿನ್ ಆರಿಸಿದೆ. ಅವಳು ತಿರುಗಿದ್ದಾಳೆ, ಕೈಯಲ್ಲಿ ಹಗ್ಗದ ತುದಿ, ಗಾಳಿಗೆ ನರೆಗೂದಲು ಬಾಯಿಗೆ ಬಂದಿದೆ, ತೆಗೆಯುತ್ತಿಲ್ಲ, ನೋಡುತ್ತಿದ್ದಾಳೆ, ನನ್ನ ಎಡಗಿವಿಯ ಪಕ್ಕದಲ್ಲಿ ಏನಿದೆ, ಏನೂ ಇಲ್ಲ, ಬರೀ ಹೊಳೆ, ಅಷ್ಟು ಹೊತ್ತು ಯಾರೂ ಹೊಳೆಯನ್ನು ಹಾಗೆ ನೋಡುವುದಿಲ್ಲ, ನಾನು ಅಲುಗಾಡಬಾರದು, ಅಲುಗಾಡಿದರೆ ಹೋಗಿಬಿಡುತ್ತೇನೆ ಅವಳ ಕಣ್ಣಿಂದ, ಉಸಿರು ಹಿಡಿದು ನಿಂತಿದ್ದೇನೆ, ಅಕ್ಕ ನನ್ನ ಕಿವಿಯ ಪಕ್ಕ ನೋಡುತ್ತಿದ್ದಾಳೆ, ಕಿವಿಯ ಪಕ್ಕ, ಇನ್ನೂ ನೋಡುತ್ತಿದ್ದಾಳೆ